ಗೋಡೆಯಾಚೆಯ ಹೆಜ್ಜೆ

ಶಮೀಮಾ, ನಿನ್ನ ಮಗಳ ಬೂಟು ಕದ್ದವಳು ನಾನು. ನೀನು ಕಳೆದದ್ದಲ್ಲ. ನಾಯಿ ಕಚ್ಚಿಕೊಂಡು ಹೋದದ್ದಲ್ಲ. ನಿನ್ನ ಅತ್ತೆ ಮೌಲಾಬಿ ಸಾಯುವ ತನಕ ಹೇಳುತ್ತಿದ್ದ ಹಾಗೆ ಗಾಳಿ ಎತ್ತಿಕೊಂಡು ಹೋದದ್ದೂ ಅಲ್ಲ. ನಾನು, ನಿನ್ನ ಪಕ್ಕದ ಮನೆಯ ಗಂಗವ್ವ — ನೀನು ಬಾಯಿ ತುಂಬ ಅವ್ವಾ ಎಂದು ಕರೆಯುತ್ತಿದ್ದವಳು — ಹಾಡಹಗಲಲ್ಲಿ ನಿನ್ನ ಹೊಸ್ತಿಲಿಂದ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ಹದಿಮೂರು ವರ್ಷ ಆಯಿತು. ಕಳವು ಸಣ್ಣದು. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕುಳಿತ ದಿನಗಳಿವೆಯಲ್ಲ — ಅವು ಸಣ್ಣವಲ್ಲ.

ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆದ ಹೊಸದು. ರಾವೂರಿನಲ್ಲಿ ನಿಮ್ಮದೂ ನಮ್ಮದೂ ಒಂದೇ ಗೋಡೆ. ನನ್ನ ಮಗನೂ ಸೊಸೆ ಕಸ್ತೂರಿಯೂ ಬೆಳಗಾದರೆ ಕಲ್ಲಿನ ಗಣಿಗೆ ಹೋಗುವವರು. ಮೊಮ್ಮಗ ಸಂಜೆಯ ತನಕ ನನ್ನ ಕೈಯಲ್ಲಿ. ಕಸ್ತೂರಿಯ ಮೊದಲ ಎರಡು ಕೂಸು ಉಳಿದಿರಲಿಲ್ಲ. ಅದಕ್ಕೇ ಮೂರನೆಯದನ್ನು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟೆವು. ನಿನ್ನ ಅತ್ತೆ ಎತ್ತಿಕೊಂಡಳು. ಒಂದು ಬೊಗಸೆ ತೌಡು ಕೊಟ್ಟು ಅವಳಿಂದ ಕೊಂಡು ತಂದು ತಿಪ್ಪಣ್ಣ ಎಂದು ಹೆಸರಿಟ್ಟೆವು. ಅಂಥ ಕೂಸು ತನ್ನ ಕಾಲ ಮೇಲೆ ನಡೆಯುವ ತನಕ ಹೊಸದು ತೊಡಬಾರದು. ಅಂಗಿ, ಕುಂಚಿಗೆ ಎಲ್ಲವನ್ನೂ ಮಕ್ಕಳು ಚೆನ್ನಾಗಿ ಬದುಕಿರುವ ಮನೆಯಿಂದ ಬೇಡಿ ತರಬೇಕು. ಕೂಸು ಯಾರದೆಂದು ಸಾವಿಗೆ ಗುರುತು ಸಿಗಬಾರದು. ನಿನ್ನ ನಸೀಮಾ ಅವನಿಗಿಂತ ಮೂರೇ ತಿಂಗಳು ದೊಡ್ಡವಳು. ಅವಳಿಗೆ ಸಣ್ಣದಾದ ಅಂಗಿಗಳಲ್ಲೇ ಇವನು ಬೆಳೆದ. ಕೇಳಿದಾಗ ನೀನು ಒಮ್ಮೆಯೂ ಇಲ್ಲ ಎನ್ನಲಿಲ್ಲ.

ಒಂದೂವರೆ ವರ್ಷವಾದರೂ ತಿಪ್ಪಣ್ಣ ಕಾಲೂರಲಿಲ್ಲ. ನಿಲ್ಲಿಸಿದರೆ ನೆಲದ ಫರಸಿ ಕಲ್ಲು ಸುಡುತ್ತದೋ ಎಂಬಂತೆ ಎರಡೂ ಕಾಲು ಮೇಲೆ ಎಳೆದುಕೊಳ್ಳುತ್ತಿದ್ದ. ಬೂಟು ಹಾಕಿದರೆ ನಡೆಯುತ್ತಾನೆ ಎಂದು ಕಸ್ತೂರಿ ಹಟ ಹಿಡಿದಳು. ಹೊಸದು ಬೇಡ ಎಂದೆ, ಕೇಳಲಿಲ್ಲ. ವಾಡಿಯ ಬೂಟಿನ ಅಂಗಡಿಗೆ ಹೋದೆವು. ಅಂಗಡಿಯ ಮುದುಕ ದಾರ ಹಿಡಿದು ಪಾದ ಅಳೆದ, ಹಿಮ್ಮಡಿ ಒತ್ತಿ ನೋಡಿದ, ಒಂದು ಜೊತೆಯ ಅಟ್ಟೆ ಬಗ್ಗಿಸಿ ತೋರಿಸಿದ — ಹೀಗೆ ಬಗ್ಗಬೇಕು, ಮುಂದೆ ಹೆಬ್ಬೆರಳಿನಷ್ಟು ಜಾಗ ಇರಬೇಕು. ತೊಡಿಸಿ ನೆಲಕ್ಕೆ ಬಿಟ್ಟ. ಕೂಸು ಕಾಲು ಮಡಚಿಕೊಂಡಿತು. ಮೂರು ಜೊತೆ ಬದಲಿಸಿದ. ಮೂರು ಸಲವೂ ಹಾಗೆಯೇ. ಮುದುಕ ಬೂಟು ಡಬ್ಬಿಗೆ ಹಾಕಿ ನಕ್ಕ.

"ಮೊದ್ಲ ಕಾಲು ತಗೊಂಡ್ ಬರ್ರಿ ಯವ್ವಾ. ಆಮ್ಯಾಲ ಬೂಟು ನಾ ಕೊಡ್ತೀನಿ."

ಅವನು ಚೇಷ್ಟೆಗೆ ಅಂದದ್ದು. ಕಸ್ತೂರಿ ದಾರಿಯುದ್ದಕ್ಕೂ ಅತ್ತಳು. ನಾನು ಅಳಲಿಲ್ಲ. ಆ ಮಾತು ನನ್ನೊಳಗೆ ಇಳಿದು ಕುಳಿತಿತ್ತು — ಕಾಲು ತಗೊಂಡು ಬಾ.

ಅದೇ ದಿನಗಳಲ್ಲಿ ನಿನ್ನ ಗಂಡ ನಸೀಮಾಳಿಗೆ ಬೂಟು ತಂದದ್ದು. ಕಂದು ಬಣ್ಣದ ಚರ್ಮದ್ದು, ಮೇಲೆ ಪಟ್ಟಿ, ಪಕ್ಕದಲ್ಲಿ ಹಿತ್ತಾಳೆಯ ಗುಂಡಿ. ಅದನ್ನು ತೊಟ್ಟು ಅವಳು ಅಂಗಳದ ಫರಸಿಯ ಮೇಲೆ ಟಕ್ ಟಕ್ ಎಂದು ನಡೆಯುತ್ತಿದ್ದಳು. ಬಲಗಾಲು ಚೂರು ಒಳಕ್ಕೆ ತಿರುಗುತ್ತಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುತ್ತಿದ್ದಳು. ಆ ಬೂಟು ಕೊಡು ಎಂದು ನಿನ್ನನ್ನು ಬೇಡಿದೆ. ನಿನಗೆ ನೆನಪಿದೆಯೋ ಇಲ್ಲವೋ.

"ಅವ್ವಾ, ಇನ್ನಾ ಹೊಸಾವು ಅವರಿ. ನಾಕು ತಿಂಗಳು ತಡೀರಿ, ಅಕಿಗಿ ಸಣ್ಣ ಆಗ್ತಾವ. ನಿಮ್ಮ ತಿಪ್ಪಣ್ಣಗ ಬಿಟ್ಟು ಮತ್ತ್ಯಾರಿಗಿ ಕೊಡ್ಲಿ?"

ನಾನು ನಾಲ್ಕು ತಿಂಗಳು ತಡೆಯಲಿಲ್ಲ. ಮಾರನೆಯ ದಿನವೇ ಕದ್ದೆ. ಕದ್ದು ತಂದ ಬಳ್ಳಿ ಬೇಗ ಹಬ್ಬುತ್ತದೆ ಎನ್ನುತ್ತಾರಲ್ಲ, ಕೊಟ್ಟದ್ದಕ್ಕಿಂತ ಕದ್ದದ್ದಕ್ಕೆ ಬಲ ಹೆಚ್ಚು ಎಂದುಕೊಂಡೆ. ಒಂದು ದಿನ ತೊಡಿಸಿ ತಿರುಗಿ ಇಟ್ಟರಾಯಿತು ಎಂದೂ — ಇಲ್ಲ, ಇದು ಸುಳ್ಳು. ತಿರುಗಿ ಇಡುವ ಮನಸ್ಸು ನನಗೆ ಆಗಲೂ ಇರಲಿಲ್ಲ.

ಹಿಂದಿನ ಖೋಲಿಯ ಬಾಗಿಲು ಹಾಕಿಕೊಂಡು ತೊಡಿಸಿದೆ. ಬೂಟಿನ ಒಳಗೆ ಇನ್ನೂ ಬಿಸಿ ಇತ್ತು. ನೆಲಕ್ಕೆ ಬಿಟ್ಟೆ. ಕಾಲು ಮಡಚಲಿಲ್ಲ ಶಮೀಮಾ. ನಿಂತ. ನನ್ನ ಕಡೆ ನೋಡಲಿಲ್ಲ, ಕೈ ಚಾಚಲಿಲ್ಲ, ತೂರಾಡಲಿಲ್ಲ — ಕಲಿಯುವ ಕೂಸು ಬೀಳಬೇಕು, ಏಳಬೇಕು; ಇವನು ಎಂದೋ ಕಲಿತವನ ಹಾಗೆ ನಡೆದ. ಬಲಗಾಲು ಚೂರು ಒಳಕ್ಕೆ. ನಾಲ್ಕು ಹೆಜ್ಜೆಗೆ ನಿಂತು ಹಿಂದೆ ನೋಡಿದ. ಆಮೇಲೆ ನಿಮ್ಮ ಮನೆಯ ಗೋಡೆಯ ತನಕ ಹೋಗಿ ಅದಕ್ಕೆ ಎರಡೂ ಅಂಗೈ ಒತ್ತಿ ನಿಂತುಬಿಟ್ಟ. ನಾನು ಐದು ಹಡೆದವಳು, ಊರಿನ ಹೆಣಗಳಿಗೆ ನೀರು ಹಾಕಿದವಳು, ಯಾವುದಕ್ಕೂ ಬೆದರಿದವಳಲ್ಲ. ಆ ದಿನ ಅವನ ಬೆನ್ನು ನೋಡಿ ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಯಾವ ಹೆಸರು ಕರೆದರೆ ತಿರುಗುತ್ತಾನೋ ಎಂದು —

ಆಚೆ ನೀವು ಬೂಟು ಹುಡುಕುತ್ತಿದ್ದಿರಿ. ಮೌಲಾಬಿ ನಿನ್ನ ಮೇಲೆ ಕೂಗುತ್ತಿದ್ದಳು: "ಕೂಸಿನ ಪಹಿಲೇ ಬೂಟು ಕಳದ್ರ ನಡಿಗಿ ಕಳೀತದ ಅಂತ ನಿಮ್ಮವ್ವ ಹೇಳಿಲ್ಲೇನು? ಏನ್ ಕಣ್ಣು ಮುಚಗೊಂಡು ಕುಂತಿದ್ದಿ?" ನಾನೂ ಬಂದು ನಿನ್ನ ಜೊತೆ ಒಲೆಯ ಹಿಂದೆ, ಕಟ್ಟಿಗೆಯ ಸಂದಿಯಲ್ಲಿ ಹುಡುಕಿದೆ. ಹೌದು, ಹುಡುಕಿದೆ.

ಮೂರನೆಯ ದಿನ ನಸೀಮಾಳಿಗೆ ಜ್ವರ ಬಂತು. ಐದನೆಯ ದಿನ ಎಡಗಾಲು ಏಳಲಿಲ್ಲ. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಅಂದು ಮಧ್ಯಾಹ್ನ ನೀನು ನಮ್ಮ ಬಾಗಿಲಿಗೆ ಬಂದೆ. ಮುಖದಲ್ಲಿ ರಕ್ತ ಇರಲಿಲ್ಲ.

"ಅವ್ವಾ, ನಿಮ್ಮ ಗ್ವಾಡಿ ಆಚಿಂದ ನಮ್ಮ ನಸೀಮಾ ನಡದಂಗ ಸಪ್ಪಳ ಕೇಳ್ಲಿಕತ್ತದರಿ. ಅಕಿ ನನ್ನ ತೊಡಿ ಮ್ಯಾಲ ಮಲಗ್ಯಾಳ. ಅಕಿ ಕಾಲಿನ ಸಪ್ಪಳ ಗ್ವಾಡಿ ಆಚೀಕಡಿ ಕೇಳ್ತದ. ನಾಕು ಹೆಜ್ಜಿ, ಆಮ್ಯಾಲ ನಿಲ್ತದ. ನಿಮಗೂ ಕೇಳಿತೇನ್ರಿ?"

ಶಮೀಮಾ, ನೀನು ಕೇಳಿದ ಸಪ್ಪಳ ಖರೆ ಇತ್ತು. ನನ್ನ ಬೆನ್ನ ಹಿಂದಿನ ಖೋಲಿಯಲ್ಲಿ, ಹಾಕಿದ ಬಾಗಿಲ ಆಚೆ, ತಿಪ್ಪಣ್ಣ ಆ ಬೂಟಿನಲ್ಲೇ ಇದ್ದ. ನೀನು ಮಾತಾಡುತ್ತಿರುವಾಗ ಅವನೂ ನಿಂತಿದ್ದ — ಕೇಳಿಸಿಕೊಳ್ಳುತ್ತಿರುವ ಹಾಗೆ. ಬಾಗಿಲು ತೆರೆದು ತೋರಿಸಿದ್ದರೆ ಮುಗಿಯುತ್ತಿತ್ತು. ನೀನು ನನ್ನ ಕೂದಲು ಹಿಡಿದು ಎಳೆಯುತ್ತಿದ್ದೆ. ಆಮೇಲೆ ಮಗಳನ್ನು ಎತ್ತಿಕೊಂಡು ನೆಟ್ಟಗೆ ಶಹಾಬಾದಿನ ದವಾಖಾನೆಗೆ ಓಡುತ್ತಿದ್ದೆ.

ನಾನು ಅಂದದ್ದು ಎರಡೇ ಮಾತು.

"ಏನೂ ಕೇಳಂಗಿಲ್ಲ."

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಮರ್ಯಾದೆಗೆ ಅಂಜಿ ಅಲ್ಲ. ಬೂಟು ಬಿಚ್ಚಿದರೆ ತಿಪ್ಪಣ್ಣ ಮತ್ತೆ ಕಾಲು ಮಡಚುತ್ತಿದ್ದ. ಆ ಬೆಳಿಗ್ಗೆ ಬಿಚ್ಚಿ ನೋಡಿದ್ದೆ. ತಿರುಗಿ ಕೊಟ್ಟರೆ ನಿನ್ನ ಮಗಳು ಏಳುತ್ತಾಳೆ, ನನ್ನ ಮೊಮ್ಮಗ ಕೂರುತ್ತಾನೆ ಎಂದು ನಾನು ನಂಬಿದ್ದೆ. ಪೂರಾ ನಂಬಿದ್ದೆ. ನಂಬಿಯೇ ಕೊಡಲಿಲ್ಲ. ಎರಡು ಕೂಸುಗಳಲ್ಲಿ ಒಂದನ್ನು ಆರಿಸಿದೆ.

ನನ್ನ ಮಾತು ಕೇಳಿ ಮೌಲಾಬಿಗೆ ಖಾತ್ರಿಯಾಯಿತು — ಗೋಡೆಯಲ್ಲಿ ಏನೋ ಸೇರಿದೆ, ಅದೇ ಕೂಸಿನ ನಡಿಗೆಯನ್ನು ಎತ್ತಿಕೊಂಡು ಹೋಗಿದೆ. ದವಾಖಾನೆಯ ಮಾತೇ ಬಂದಾಯಿತು. ಜ್ವರದ ಮಗುವನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ತಾಯತ ಕಟ್ಟುವ ಮುದುಕನ ಬಳಿಗೆ ಹೋದಿರಿ. ಮೂರು ದಿನ. ಕಾಲಿಗೆ ನೆನಪು ಬರಲಿ ಎಂದು ಅವನು ಆ ಕೂಸನ್ನು ರಟ್ಟೆ ಹಿಡಿದು ನಿಲ್ಲಿಸಿದ, ನಡೆಸಿದ. ಅದು ಕಿರುಚಿದ್ದನ್ನು ನೀನೇ ಬಂದು ನನ್ನ ಮುಂದೆ ಹೇಳಿ ಅತ್ತಿದ್ದೆ. ನಾನು ನಿನಗೆ ನೀರು ಕೊಟ್ಟೆ.

ಕಡೆಗೆ ಶಹಾಬಾದಿಗೆ ಹೋದಾಗ ಡಾಕ್ಟರು ಬೈದದ್ದು ನನಗೂ ಗೊತ್ತು. ಜೊತೆಗೆ ನಾನೂ ಬಂದಿದ್ದೆ. ಇದು ಪೋಲಿಯೊ, ಇದಕ್ಕೆ ಮದ್ದು ಇಲ್ಲ, ಆದರೆ ಮೊದಲ ದಿನಗಳಲ್ಲಿ ಅಲುಗಾಡಿಸದೆ ಮಲಗಿಸಿಡಬೇಕಿತ್ತು, ಕುಲುಕಿಸಿ ನಿಲ್ಲಿಸಿ ಉಳಿಯುವಷ್ಟನ್ನೂ ಕಳೆದಿರಿ ಎಂದರು. ಎಷ್ಟು ಉಳಿಯುತ್ತಿತ್ತು? ಅವರು ಹೇಳಲಿಲ್ಲ. ಒಂದು ಕೋಲು ಹಿಡಿದು ನಡೆಯುವಷ್ಟು ಉಳಿಯುತ್ತಿತ್ತೋ ಏನೋ. ಆ ಮೂರು ದಿನ ನನ್ನವು. ಬೂಟಿಗೂ ಬೇನೆಗೂ ಸಂಬಂಧವಿಲ್ಲ ಎಂದು ಓದಿದವರು ಹೇಳುತ್ತಾರೆ, ಇರಲಿಕ್ಕಿಲ್ಲ. ಆದರೆ ಆ ಮೂರು ದಿನಕ್ಕೂ ನನಗೂ ಸಂಬಂಧ ಇದೆ.

ಹತ್ತು ದಿನದ ಮೇಲೆ ತಿಪ್ಪಣ್ಣ ತಾನಾಗಿ ಬೂಟು ಕಿತ್ತು ಒಗೆಯತೊಡಗಿದ. ಎಡಗಾಲಿನದು ಮಾತ್ರ. ಮಾತು ಬಾರದ ಕೂಸು, ಅವ್ವ ಎನ್ನುವುದೂ ಸರಿಯಾಗಿ ಬರುತ್ತಿರಲಿಲ್ಲ. ಒಂದು ದಿನ ಅದನ್ನು ನನ್ನ ಮಡಿಲಿಗೆ ತಂದು ಹಾಕಿ, "ಅಕಿದು" ಎಂದ. ಅವನು ಆಡಿದ ಮೊದಲ ಚೊಕ್ಕ ಮಾತು ಅದು. ಕಸ್ತೂರಿಗೆ ಇವತ್ತಿಗೂ ಹೇಳಿಲ್ಲ.

ಅಷ್ಟರಲ್ಲಿ ಬರಿಗಾಲಲ್ಲೂ ನಡೆಯುತ್ತಿದ್ದ. ಎರಡೂ ಬೂಟನ್ನು ಒಯ್ದು ನೀರು ತುಂಬಿದ ಹಳೆಯ ಗಣಿಗೆ ಎಸೆದೆ. ಒಂದು ಮುಳುಗಿತು. ಇನ್ನೊಂದು ತೇಲುತ್ತಲೇ ಇತ್ತು. ಕಲ್ಲು ಎಸೆದೆ, ಮುಳುಗಿ ಮತ್ತೆ ಎದ್ದಿತು. ಯಾವ ಕಾಲಿನದು ಎಂದು ನೋಡಲಿಲ್ಲ — ನೋಡಿದೆ. ಎಡಗಾಲಿನದು.

ಆಮೇಲೆ ಅತ್ತೆಯ ಬಾಯಿಗೆ ಸಾಕಾಗಿ ನೀನು ಗಂಡನನ್ನೂ ಮಗಳನ್ನೂ ಕಟ್ಟಿಕೊಂಡು ತೌರಿಗೆ, ಚಿಮ್ಮನಚೋಡಕ್ಕೆ ಹೋದೆ. ನಾನು ಹಗುರಾದೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಹಗುರಾದೆ.

ಹೋದ ತಿಂಗಳು ಮೌಲಾಬಿ ತೀರಿಕೊಂಡಾಗ ಬಂದಿದ್ದೆಯಲ್ಲ. ತಲೆ ನರೆತಿತ್ತು. ನಮ್ಮ ಕಟ್ಟೆಯ ಮೇಲೆ ಕುಳಿತು ಅಂದೆ: "ಅತ್ತಿ ಹೋಗಾಗೂ ನನಗ ಮಾಫಿ ಮಾಡಲಿಲ್ಲರಿ. ಖರೇನೇ ಅದ ಅವ್ವಾ, ನಾ ಬೂಟು ಜ್ವಾಪಾನ ಇಟ್ಟಿದ್ರ ನನ್ನ ಮಗಳು ನಡೀತಿದ್ಳು." ನಾನು ತಲೆಯಾಡಿಸಿದೆ. ಹೌದು ಎಂಬ ಹಾಗೆ. ಹದಿಮೂರು ವರ್ಷದ ಮೇಲೂ ನನ್ನ ಪಾಪವನ್ನು ನಿನ್ನ ತಲೆಯ ಮೇಲೆ ಇನ್ನೊಮ್ಮೆ ಹೊರಿಸಿ ಕಳಿಸುತ್ತಿದ್ದೆ. ಆಗ ತಿಪ್ಪಣ್ಣ ಶಾಲೆಯಿಂದ ಬಂದ. ಅಂಗಳದ ಫರಸಿಯ ಮೇಲೆ ನಡೆದು ಹೋದ, ನಡುವೆ ನಿಂತು ಒಮ್ಮೆ ಹಿಂದೆ ನೋಡಿದ. ನೀನು ಅವನ ಕಾಲನ್ನೇ ನೋಡುತ್ತಿದ್ದೆ.

"ಅವ್ವಾ, ನಿಮ್ಮ ಹುಡುಗ ನಡಿಯೂದು..." ಅಂದೆ. ಎದ್ದು ಹೋದೆ.

ಆ ಅರ್ಧ ಮಾತಿಗೆ ಉಳಿದರ್ಧ ಈ ಕಾಗದ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುವವಳು, ಅದು ನನಗೆ ಗೊತ್ತು. ಮುಂದಿನ ಸೋಮವಾರ ಬಸ್ಸು ಹಿಡಿದು ಬರುತ್ತೇನೆ. ಒಳಗೆ ಕರೆಯಬೇಡ. ನಿನ್ನ ಗಂಡನ ಮುಂದೆ, ನಿಮ್ಮ ಓಣಿಯವರ ಮುಂದೆ ಇದನ್ನೇ ಬಾಯಿಂದ ಹೇಳಿ ಹೋಗುತ್ತೇನೆ.

ನಿನಗೆ ಓದು ಬರುವುದಿಲ್ಲ. ಬಂದ ಕಾಗದವನ್ನೆಲ್ಲ ಮಗಳೇ ಓದಿ ಹೇಳುತ್ತಾಳೆ ಎಂದು ಹೋದ ತಿಂಗಳು ನೀನೇ ಹೇಳಿದೆ. ಗೊತ್ತಿದ್ದೇ ಬರೆದಿದ್ದೇನೆ.

ನಸೀಮಾ, ನಿನ್ನ ತಾಯಿ ಏನನ್ನೂ ಕಳೆದಿರಲಿಲ್ಲ. ಈ ಸಾಲನ್ನು ಆಕೆಗೆ ಇನ್ನೊಮ್ಮೆ ಓದಿ ಹೇಳು, ಜೋರಾಗಿ.