ಟಂಡ್ರಾದಲ್ಲಿ ಬಸ್ಸು ನಿಲ್ಲಿಸಿದ ಅತ್ತೆ

ಇವತ್ತು ಬೆಳಿಗ್ಗೆ ಅಂಗಡಿಯಿಂದ ತಂದ ಬ್ಲೂಬೆರಿ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದೆ. ಚೂರೂ ವಾಸನೆಯಿಲ್ಲ. ಎಲ್ಲವೂ ಗೋಲಿಯಷ್ಟು ದಪ್ಪ, ಒಂದೇ ಅಳತೆ. ಕಾಡಿನ ಬ್ಲೂಬೆರಿ ಕಡಲೆಕಾಳಿನಷ್ಟೇ ಇರುತ್ತದೆ, ಒಳ್ಳೆ ಹುಳಿ. ಕಿತ್ತ ಬೆರಳಿಗೆ ಒದ್ದೆ ಮಣ್ಣಿನ ವಾಸನೆ ಹತ್ತುತ್ತದೆ. ಹಾಗೆ ಕಿತ್ತು ತಿನ್ನುವುದನ್ನು ನನಗೆ ಕಲಿಸಿದವರು ನನ್ನ ಸೋದರತ್ತೆ ಜಯಮ್ಮ. ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿದವರು.

ಕಡಲು ದಾಟಿ ಕೆನ್ಮೋರ್ ಊರಿನ ನಮ್ಮ ಮನೆಗೆ ಬಂದಾಗ ಅತ್ತೆಗೆ ಅರವತ್ತೊಂಬತ್ತು. ಬಂದ ನೆಂಟರಿಗೆಲ್ಲ ನನ್ನ ಹತ್ತಿರ ಒಂದು ಪಟ್ಟಿ ಸಿದ್ಧವಿರುತ್ತದೆ: ಜಲಪಾತ, ದೇವಸ್ಥಾನ, ಪಕ್ಕದೂರು ವುಡಿನ್‌ವಿಲ್‌ನ ಗೆಳತಿಯ ಮನೆಯ ಊಟ. ಅತ್ತೆ ಅದನ್ನು ಓದಿ, ಮಡಿಸಿ, ಪಕ್ಕಕ್ಕಿಟ್ಟರು.

"ಟಂಡ್ರಾ ತೋರ್ಸು."

"ಅತ್ತೆ, ಅದು ಅಲಾಸ್ಕಾ. ಫ್ಲೈಟಲ್ಲಿ ಹೋಗ್ಬೇಕು. ನಿಮ್ಮ ಮಂಡಿ ಬೇರೆ..."

"ಮಂಡಿ ನಂದು ಕಣೇ. ನೀನ್ಯಾಕೆ ಒದ್ದಾಡ್ತೀಯ?"

ನನ್ನ ಗಂಡ ಬೇಡ ಅಂದರು. ಮೈಸೂರಿನಿಂದ ಅಣ್ಣ ವಿಡಿಯೋ ಕಾಲ್ ಮಾಡಿ ಬೇಡ ಅಂದ. ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಮದುವೆಯೇ ಬೇಡ ಅಂದಾಗಲೂ ಮನೆಯವರೆಲ್ಲ ಹೀಗೇ ಸಾಲಾಗಿ ನಿಂತಿದ್ದರಂತೆ.

ಆಗಸ್ಟ್ ಕೊನೆಗೆ ನಾವಿಬ್ಬರೇ ಅಲಾಸ್ಕಾದ ಡೆನಾಲಿ ನ್ಯಾಷನಲ್ ಪಾರ್ಕಿಗೆ ಹೋದೆವು. ಅಷ್ಟು ದೊಡ್ಡ ಪಾರ್ಕಿಗೆ ಇರುವುದೊಂದೇ ರಸ್ತೆ. ಸ್ವಲ್ಪ ದೂರವಾದ ಮೇಲೆ ನಮ್ಮ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸೇ ಗತಿ. ಬೇಕಾದ ಕಡೆ ಇಳಿದು ನಡೆದಾಡಿ, ಆಮೇಲೆ ಬರುವ ಬಸ್ಸಿಗೆ ಕೈ ತೋರಿಸಬಹುದು. ಅತ್ತೆ ನನ್ನ ಗಂಡನ ಹಳೇ ಮಳೆಪ್ಯಾಂಟು ಹಾಕಿ, ಲಾಡಿ ಬಿಗಿದು, ಕಿಟಕಿ ಪಕ್ಕ ಕೂತಿದ್ದರು. ಮರಗಳು ಗಿಡ್ಡವಾಗುತ್ತ ಬಂದು ಕೊನೆಗೆ ಇಲ್ಲವೇ ಆದವು. ಬೆಟ್ಟದ ಬುಡದವರೆಗೂ ನೆಲ ಗಿಡ್ಡ ಗಿಡಗಳ ಎಲೆಯಿಂದ ಕುಂಕುಮದ ಹಾಗೆ ಕೆಂಪು. ಎತ್ತರದ ಇಳಿಜಾರಿನಲ್ಲಿ ಬಿಳಿ ಚುಕ್ಕೆಗಳು ಅಲುಗಾಡಿದವು, ಕಾಡುಕುರಿಗಳು. ಕೆಳಗೆ ಹೊಳೆಯ ಮರಳಲ್ಲಿ ಕ್ಯಾರಿಬೂ ಜಿಂಕೆಗಳ ಹಿಂಡು. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅತ್ತೆಯ ಮುಖ ಮಾತ್ರ ಬಿಗಿಯಾಗುತ್ತ ಹೋಯಿತು.

"ಇಲ್ಲಿ ನಿಲ್ಸಕ್ಕೆ ಹೇಳು."

"ಆಮೇಲೆ ನೋಡೋಣ ಅತ್ತೆ." ನಾನು ಹೋಟೆಲಿನವರು ತಪ್ಪು ತಟ್ಟೆ ತಂದಿಟ್ಟರೂ ತೆಪ್ಪಗೆ ತಿಂದು ಬರುವವಳು. ಬಸ್ಸು ನಿಲ್ಲಿಸುವುದೆಂದರೇನು?

ಅತ್ತೆ ಎದ್ದು, ಸೀಟು ಹಿಡಿದುಕೊಂಡು ಮುಂದೆ ಹೋಗಿ, "ಸ್ಟಾಪ್ ಹಿಯರ್ ಪ್ಲೀಸ್. ಐ ಆಮ್ ಎ ಟೀಚರ್" ಅಂದರು. ನರೆಗೂದಲಿನ ಡ್ರೈವರಮ್ಮ ಹತ್ತಿರದಲ್ಲಿ ಪ್ರಾಣಿಗಳಿಲ್ಲವೆಂದು ನೋಡಿಕೊಂಡು, "ಕರಡಿ ಕಂಡ್ರೆ ಓಡ್ಬೇಡಿ, ಮಾತಾಡ್ತಾ ಹಿಂದೆ ಸರೀರಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ತೆಗೆದರು.

ಕಾಲಿಟ್ಟರೆ ನೆಲ ಹಾಸಿಗೆಯಂತೆ ತಗ್ಗಿತು. ಅತ್ತೆ ಮಂಡಿ ಚಾಚಿ ಕೂತು ಎಲೆ ಸರಿಸಿದರು. ಬ್ಲೂಬೆರಿ ಕಿತ್ತು ತಾವೂ ತಿಂದು ನನಗೂ ಕೊಟ್ಟರು. ಹಣ್ಣು, ಪಾಚಿ, ಬೆರಳುದ್ದದ ಗಿಡಗಳು. ಹನ್ನೊಂದು ಜಾತಿಯವರೆಗೆ ಎಣಿಸಿ ನಿಲ್ಲಿಸಿದರು.

"ಟಂಡ್ರಾದಲ್ಲಿ ಏನೂ ಬೆಳೆಯಲ್ಲ ಅಂತ ಬರೆಸ್ತಿದ್ದೆ ಕಣೇ. ನಾಗರತ್ನ ಅಂತ ಒಬ್ಬ ಹುಡುಗಿ, 'ಹಂಗಾದ್ರೆ ಅಲ್ಲಿನ ಜಿಂಕೆ ಏನ್ ತಿಂತವೆ ಮಿಸ್' ಅಂದ್ಲು. ಅಧಿಕಪ್ರಸಂಗ ಅಂತ ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸ್ದೆ."

ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಹಳ್ಳದ ಆಚೆ ದಿಬ್ಬದಲ್ಲಿ ಕಂದು ಬಣ್ಣದ್ದೊಂದು ಅಲುಗಾಡಿತು. ಕರಡಿ. ತಲೆ ತಗ್ಗಿಸಿ ನಮ್ಮ ಹಾಗೇ ಹಣ್ಣು ತಿನ್ನುತ್ತಿತ್ತು. ಅತ್ತೆ ನನ್ನ ಭುಜ ಹಿಡಿದು ಎದ್ದು, ಪಾಠದ ದನಿಯಲ್ಲಿ, "ನಾವು ಹೊರಟ್ವಿ ಕಣಪ್ಪ, ನೀನು ತಿನ್ನು" ಅನ್ನುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಕರಡಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿತು. ರಸ್ತೆ ಸೇರಿ, ಬಂದ ಮೊದಲ ಬಸ್ಸಿಗೆ ಕೈ ತೋರಿಸಿದೆವು.

ವಿಷಯ ತಿಳಿದು ಅಣ್ಣ ಫೋನಿನಲ್ಲಿ ರೇಗಿದ. "ಏನಾದ್ರೂ ಆಗಿದ್ರೆ?"

"ಆಯ್ತಲ್ಲಪ್ಪ," ಅಂದರು ಅತ್ತೆ. "ಅದಕ್ಕೇ ಹೋಗಿದ್ದು."

ಊರಿಗೆ ಹೋದವರೇ ನಾಗರತ್ನಳನ್ನು ಹುಡುಕಿದರು. ನಂಜನಗೂಡಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಳಂತೆ. ಬಾಗಿಲಲ್ಲೇ ನಿಂತು, "ನಿನ್ ಪ್ರಶ್ನೆ ಸರಿಯಾಗಿತ್ತು. ನಾನು ತಪ್ಪು ಪಾಠ ಮಾಡಿದ್ದೆ" ಅಂದರಂತೆ. ಅವಳು ಮಿಷನ್ ನಿಲ್ಲಿಸಿ, "ಅವತ್ತಿಂದ ನಾನು ಯಾವ ಕ್ಲಾಸಲ್ಲೂ ಕೈ ಎತ್ತಲಿಲ್ಲ ಮಿಸ್" ಅಂದಳಂತೆ. ಫೋನಿನಲ್ಲಿ ಇದನ್ನು ಕೇಳಿ ನಾನು ಬಾಯಿ ತೆರೆದೆ. "ಸಮಾಧಾನ ಹೇಳ್ಬೇಡ," ಎಂದು ಅತ್ತೆ ತಡೆದರು.

ನನಗೀಗ ಐವತ್ತಾರು. ಈ ಆಗಸ್ಟಿಗೆ ಡೆನಾಲಿಗೆ ಒಬ್ಬಳೇ ಹೊರಟಿದ್ದೇನೆ, ಮೂರು ದಿನ. ಎಜುಕೇಶನ್ ಹಿಲ್ ಬಡಾವಣೆಯಲ್ಲಿರುವ ಮಗಳಿಗೆ ಹೇಳಿದರೆ, "ಅಮ್ಮಾ, ಡು ಯು ಈವನ್ ನೋ ಹೌ ಟು ಪಿಚ್ ಎ ಟೆಂಟ್?" ಅಂದಳು.

"ಬರಲ್ಲ. ಕಲೀತೀನಿ."

ಮಧ್ಯಾಹ್ನ ಹಿತ್ತಿಲಲ್ಲಿ ಜಿಟಿಜಿಟಿ ಮಳೆಯಲ್ಲೇ ಟೆಂಟ್ ಹಾಕಲು ಶುರು ಮಾಡಿದೆ. ಎರಡು ಸಲ ಬಿತ್ತು. ಕಿಟಕಿಯಿಂದ ನೋಡುತ್ತಿದ್ದ ಗಂಡ ಸಹಾಯಕ್ಕೆ ಬಂದರು, ಬೇಡ ಅಂದೆ. ಮೂರನೇ ಸಲ ನಿಂತಿದೆ. ಒಂದು ಕಡೆ ವಾಲಿದೆ, ಮೂಲೆಯಲ್ಲಿ ತೊಟ್ಟಿಕ್ಕುತ್ತಿದೆ. ಇದನ್ನು ಅದರೊಳಗೇ ಕೂತು ಬರೆಯುತ್ತಿದ್ದೇನೆ.