ಈಶ್ವರಮ್ಮ ಪಾಸು ಮಾಡದೆ ಕೋತಿ ಹಾರುವಂತಿಲ್ಲ

ಬೆಳಗ್ಗೆ ಆರೂ ಕಾಲು. ಪೀಣ್ಯ ಎರಡನೇ ಹಂತದ ಈ ಅಡ್ಡರಸ್ತೆಯಲ್ಲಿ ಸದ್ಯಕ್ಕೆ ಎಚ್ಚರವಾಗಿರುವುದು ಒಂದು ಟೀ ಗಾಡಿ, ಎರಡು ನಾಯಿ ಮತ್ತು ವಾಲ್ವ್ ತಯಾರಿಸುವ ಶೆಡ್ಡಿನ ಮೇಲಿನ ಮಹಡಿಯ ಒಂದು ಕೋಣೆ. ಅಲ್ಲಿ ನಲವತ್ತಮೂರು ವರ್ಷದ ಈಶ್ವರಮ್ಮ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸ್ವೆಟರಿನ ತೋಳು ಮೇಲೇರಿಸಿಕೊಂಡು, ಕೊಡೆ ಹಿಡಿದ ಕೋತಿಯೊಂದನ್ನು ಹಳ್ಳ ದಾಟಿಸುತ್ತಿದ್ದಾರೆ. ಎದುರಿಗೆ ಎರಡು ಟಿವಿ. ಒಂದು ಗೋಡೆಗೆ ಅಂಟಿದ ಹೊಸ ತೆಳು ಟಿವಿ, ಇನ್ನೊಂದು ಹಿಂದೆ ಗೂನು ಬೆನ್ನಿರುವ ಹಳೆಯದು. ಎರಡನ್ನೂ ಅವರು ನೋಡುತ್ತಿಲ್ಲ. ಕಣ್ಣು ಮುಚ್ಚಿದ್ದಾರೆ.

ಕೋತಿ ಹಾರುತ್ತದೆ, ಇಳಿಯುತ್ತದೆ, ಬಾಳೆಹಣ್ಣು ತಿಂದ ಸದ್ದಾಗುತ್ತದೆ. ಮೊದಲ ಸ್ಟೇಜು ಮುಗಿಯುವವರೆಗೆ ಈಶ್ವರಮ್ಮ ಕಣ್ಣು ಬಿಡುವುದಿಲ್ಲ. ಆ ಸ್ಟೇಜಿನಲ್ಲಿ ಎಷ್ಟು ಹಳ್ಳ, ಎಷ್ಟು ಹೆಜ್ಜೆಗೊಂದು ಮುಳ್ಳುಗಿಡ ಎನ್ನುವುದೆಲ್ಲ ಅವರ ಹೆಬ್ಬೆರಳಿಗೆ ಬಾಯಿಪಾಠ.

"ನೋಡ್ಕಂಡು ಆಡುದ್ರೆ ಕಣ್ಣು ಮೋಸ ಮಾಡ್ತದೆ. ಬಣ್ಣ ಚೆನ್ನಾಗೈತೆ, ಎಲ್ಲಾ ಚೆನ್ನಾಗೈತೆ ಅನ್ಸಿಬಿಡ್ತದೆ. ಕಿವೀನ ಅಂಗೆಲ್ಲ ಏಮಾರ್ಸಕ್ಕಾಗಲ್ಲ," ಎನ್ನುತ್ತಾರೆ, ಆಟ ನಿಲ್ಲಿಸದೆಯೇ.

ಇದು ಅವರ ಹೊಟ್ಟೆಪಾಡು ಎಂದರೆ ಲಗ್ಗೆರೆಯ ಅವರ ಬೀದಿಯಲ್ಲಿ ಇನ್ನೂ ಯಾರೂ ನಂಬುವುದಿಲ್ಲ. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಮಕ್ಕಳನ್ನು ಟಿವಿ ಮುಂದೆ ಕೂರಿಸಿದ್ದ ವಿಡಿಯೊ ಗೇಮುಗಳನ್ನು ಅವುಗಳ ಒಡೆಯರು ಈಗ ಹೊಸ ಯಂತ್ರಗಳಿಗಾಗಿ ಮತ್ತೆ ಬಿಡುಗಡೆ ಮಾಡುತ್ತಿದ್ದಾರೆ. ಆ ಮಕ್ಕಳು ದೊಡ್ಡವರಾಗಿ, ಬೊಜ್ಜು ಬಂದು, ಹಳೆಯ ಆಟಕ್ಕಾಗಿ ಕಾಯುತ್ತಿದ್ದಾರೆ. ಆದರೆ ಎಷ್ಟೋ ಸಲ ಈ ಮರುಬಿಡುಗಡೆಯ ಕೆಲಸ ಕಾಟಾಚಾರದ್ದು. ಗುಂಡಿ ಒತ್ತಿದ ಮೇಲೆ ಕಣ್ಣೆವೆ ಮಿಟುಕಿಸುವಷ್ಟು ತಡವಾಗಿ ಕೋತಿ ಹಾರುತ್ತದೆ. ಸಂಗೀತ ಒಡೆದುಹೋಗಿರುತ್ತದೆ. ಇಂಥ ದೋಷ ಹಿಡಿದು ಕಳಿಸುವ ಏಳು ಜನರ ಸಣ್ಣ ಕಂಪನಿ ಇದು, ಮತ್ತು ಇಲ್ಲಿನ ಕೊನೆಯ ಚೆಕಿಂಗ್ ಈಶ್ವರಮ್ಮನದು. ಬಾಡಿಗೆ ಕಡಿಮೆ ಎಂದು ಮಾಲೀಕ ಮುರಳಿ ಪೀಣ್ಯಕ್ಕೆ ಬಂದರು. ಕೆಳಗಿನ ಶೆಡ್ಡಿನ ಪವರ್ ಪ್ರೆಸ್ ಎಂಟೂವರೆಗೆ ಧಡ್ ಧಡ್ ಎನ್ನಲು ಶುರುವಾದರೆ ಮೇಲೆ ಟೇಬಲ್ಲಿನ ಲೋಟವೂ ಕುಣಿಯುತ್ತದೆ. ಹಾಗಾಗಿ ಕಿವಿಯ ಕೆಲಸವೆಲ್ಲ ಅದಕ್ಕೆ ಮುಂಚೆ ಮುಗಿಯಬೇಕು.

ಈಶ್ವರಮ್ಮನ ತಂದೆಯ ಮನೆಯವರು ಲಗ್ಗೆರೆಯಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲವಿದ್ದಲ್ಲಿ ಈಗ ನಾಲ್ಕು ಮಹಡಿಯ ಮನೆಗಳಿವೆ, ಅದರಲ್ಲಿ ಒಂದೂ ಅವರದಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದೆರಡು ಕಡೆ ಕೆಲಸ ಮಾಡಿ, ತೊಂಬತ್ತಮೂರರಲ್ಲಿ ಅವರು ಪೀಣ್ಯದ ಒಂದು ಕಾರ್ಖಾನೆಗೆ ಸೇರಿದರು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮಿನ ಡಬ್ಬ ಮತ್ತು ಕ್ಯಾಸೆಟ್ಟನ್ನು ಅಲ್ಲಿ ಜೋಡಿಸುತ್ತಿದ್ದರು. ಹತ್ತೊಂಬತ್ತರ ಹುಡುಗಿಗೆ ಸಿಕ್ಕಿದ್ದು ಕೊನೆಯ ಟೇಬಲ್ಲು. ಪ್ರತಿ ಡಬ್ಬವನ್ನು ಟಿವಿಗೆ ಸಿಕ್ಕಿಸಿ, ಎರಡು ನಿಮಿಷ ಆಡಿ, ಸರಿ ಇದ್ದರೆ ಪ್ಯಾಕಿಂಗಿಗೆ ತಳ್ಳಬೇಕು. ದಿನಕ್ಕೆ ಇನ್ನೂರ ನಲವತ್ತು. ಕಾರ್ಖಾನೆ ಬಾಗಿಲು ಹಾಕುವವರೆಗೆ ಹನ್ನೊಂದು ವರ್ಷ ಅದೇ ಕೆಲಸ.

"ಮನೇಗೋದ್ರೆ ನಮ್ಮವ್ವ ಕೇಳೋಳು, ಏನೇ ಕೆಲ್ಸ ಮಾಡ್ದೆ ಇವತ್ತು ಅಂತ. ಆಟ ಆಡ್ದೆ ಅಂತ ಎಂಗೇಳೋದು? ಚೆಕಿಂಗು ಅಂತಿದ್ದೆ. ಭಾರೀ ಕೆಲ್ಸ ಅನ್ಕಳೋಳು ಪಾಪ."

ಆಟಗಳ ಹೆಸರು ಪರದೇಶದ ಲಿಪಿಯಲ್ಲಿರುತ್ತಿದ್ದವು. ಓದಲು ಯಾರಿಗೂ ಬಾರದು. ಹಾಗಾಗಿ ಆ ಸಾಲಿನ ಹೆಂಗಸರೇ ಎಲ್ಲದಕ್ಕೂ ನಾಮಕರಣ ಮಾಡಿದ್ದರು. ಕೊಡೆ ಕೋತಿ, ಗಡಿಗೆ ಒಡೆಯೋದು, ಹಾರೋ ಮೀನು, ಸಿಡುಕು ಮುದುಕ. ಈಗಿನ ಆಫೀಸಿನಲ್ಲೂ ಅದೇ ಹೆಸರು ಚಾಲ್ತಿಯಲ್ಲಿವೆ. ಕಂಪ್ಯೂಟರಿನಲ್ಲಿ ಅಳತೆ ಹಿಡಿಯುವ ಇಪ್ಪತ್ತೈದರ ವೇಣಿ, ಯಾವ ಹೆಸರು ಯಾವ ಆಟದ್ದು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಅದಿಲ್ಲದಿದ್ದರೆ ಈಶ್ವರಮ್ಮನ ವರದಿ ಅವಳಿಗೆ ಅರ್ಥವಾಗುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಗಾರ್ಮೆಂಟ್ಸಿನಲ್ಲಿ ಗುಂಡಿ ಹಾಕಿದ್ದಾಯಿತು, ಊದುಬತ್ತಿ ಪ್ಯಾಕ್ ಮಾಡಿದ್ದಾಯಿತು. ಗಂಡ ಹನುಮಂತರಾಯಪ್ಪ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಇಬ್ಬರ ದುಡಿಮೆಯಲ್ಲಿ ಮಗಳ ಓದು ನಡೆಯಿತು. ಹೀಗಿರುವಾಗ ಕಳೆದ ವರ್ಷ ಮುರಳಿ ಅವರನ್ನು ಹುಡುಕಿಕೊಂಡು ಊದುಬತ್ತಿ ಶೆಡ್ಡಿಗೆ ಬಂದರು. ವಿಡಿಯೊ ಗೇಮ್ ಕಾರ್ಖಾನೆಯ ಹಳೆಯ ಸೂಪರ್‌ವೈಸರ್ ಕರಿಬಸಪ್ಪ ವಿಳಾಸ ಕೊಟ್ಟಿದ್ದರಂತೆ.

"ನಮ್ಮ ಹುಡುಗ್ರು ಬುದ್ಧಿವಂತ್ರು ಕಣ್ರೀ, ಆದ್ರೆ ಈ ಆಟ ಬಂದಾಗ ಅವ್ರು ಹುಟ್ಟೇ ಇರ್ಲಿಲ್ಲ," ಎನ್ನುತ್ತಾರೆ ಮುರಳಿ. "ಆಟ ಮಧ್ಯ ನಿಂತುಹೋದ್ರೆ ಹಿಡೀತಾರೆ. ಆದ್ರೆ ಹೇಗಿರ್ಬೇಕೋ ಹಾಗಿದ್ಯಾ ಅಂತ ಹೇಳೋಕೆ, ಹೇಗಿತ್ತು ಅಂತ ಗೊತ್ತಿರ್ಬೇಕಲ್ಲ."

ಗೊತ್ತಿದ್ದವರು ಬಂದರು, ಮತ್ತು ಮೊದಲ ವಾರವೇ ಕಂಪನಿಯನ್ನು ಮುಳುಗಿಸುವುದರಲ್ಲಿದ್ದರು. ಈ ಕಥೆಯನ್ನು ಈಶ್ವರಮ್ಮ ತಾವೇ ಹೇಳುತ್ತಾರೆ, ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾ. ಪರದೇಶದ ಒಂದು ಕಂಪನಿ ಪರೀಕ್ಷೆಗೆಂದು ಹನ್ನೆರಡು ಆಟ ಕಳಿಸಿತ್ತು. ಕೆಲಸ ಹಿಡಿಸಿದರೆ ಮುಂದೆ ನಲವತ್ತು ಆಟ ಕೊಡುವ ಮಾತಾಗಿತ್ತು. ಈಶ್ವರಮ್ಮ ಹನ್ನೆರಡನ್ನೂ ಆಡಿ ಹನ್ನೆರಡನ್ನೂ ಫೇಲು ಮಾಡಿದರು. ಎಲ್ಲದಕ್ಕೂ ಒಂದೇ ದೂರು: ತೀರಾ ಜೋರು, ಕೋತಿಗೆ ದೆವ್ವ ಹಿಡಿದ ಹಾಗೆ ಓಡುತ್ತದೆ, ಸಂಗೀತವೂ ಅವಸರದ್ದು.

ಅನುಭವಸ್ಥರ ಮಾತೆಂದು ಮುರಳಿ ಅದನ್ನೇ ಬರೆದು ಕಳಿಸಿದರು. ಬಂದ ಉತ್ತರ ಎರಡು ಸಾಲು. ಆಟಗಳ ವೇಗ ಸರಿಯಾಗಿಯೇ ಇದೆ. ನಿಮ್ಮ ಪರೀಕ್ಷಕರು ಯಾವ ಯಂತ್ರ ನೋಡಿದ್ದಾರೆ? ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ವಿಷಯ ಬಿಡಿಸಿ ನೋಡಿದವಳು ವೇಣಿ. ಆಟ ಹುಟ್ಟಿದ ದೇಶದಲ್ಲಿ ಟಿವಿ ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುತ್ತಿತ್ತು. ನಮ್ಮಲ್ಲಿ ಐವತ್ತು. ಪೀಣ್ಯದ ಕಾರ್ಖಾನೆ ಡಬ್ಬವನ್ನು ನಮ್ಮ ಟಿವಿಗೆ ಒಗ್ಗಿಸಿತ್ತು, ಒಗ್ಗಿಸುವಾಗ ಆಟ ನಿಧಾನವಾಗಿತ್ತು. ಅಲ್ಲಿ ನಲವತ್ತು ಸೆಕೆಂಡಿಗೆ ಮುಗಿಯುವ ಸಂಗೀತ ಇಲ್ಲಿ ನಲವತ್ತೆಂಟು ಸೆಕೆಂಡು ಎಳೆಯುತ್ತಿತ್ತು. ಹನ್ನೊಂದು ವರ್ಷ ಇನ್ನೂರ ನಲವತ್ತರಂತೆ ಆಡಿದ ಈಶ್ವರಮ್ಮನಿಗೆ ಆ ನಿಧಾನವೇ ಪ್ರಮಾಣವಾಗಿಬಿಟ್ಟಿತ್ತು.

"ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ನಾಳೆಯಿಂದ ಬರಲ್ಲ ಸಾರ್ ಅಂದೆ. ಏಳ್ ಜನದ ಅನ್ನಕ್ಕೆ ಕಲ್ಲಾಕ್‌ಬಿಟ್ನಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ನಮ್ಮನೆಯವ್ರು, ಆಟ ತಾನೆ ಬಿಡು ಅಂದ್ರು. ಆಟಲ್ಲ ಅಂತ ಅವ್ರಿಗೆಂಗೆ ತಿಳೀಬೇಕು."

ಮುರಳಿ ಬಿಡಲಿಲ್ಲ. ಬೈಯಲೂ ಇಲ್ಲ. ಪರದೇಶದ ಒಂದು ಹಳೆಯ ಯಂತ್ರವನ್ನೂ ಕೈಗೆ ಸಿಕ್ಕಷ್ಟು ಕ್ಯಾಸೆಟ್ಟನ್ನೂ ತರಿಸಿ, "ಇದನ್ನ ಕಲೀರಿ ಈಶ್ವರಮ್ಮೋರೇ, ಆಮೇಲೆ ಮಾತಾಡೋಣ," ಎಂದರು. ಮೂರು ವಾರ ಅವರು ಬೆಳಗ್ಗೆ ಆರಕ್ಕೆ ಬಂದು ಅದೊಂದನ್ನೇ ಆಡಿದರು. ನಲವತ್ತು ದಾಟಿದ ಕೈಗೆ ಹೊಸ ವೇಗ ಕಲಿಸುವುದು ಹುಡುಗಾಟವಲ್ಲ. ಹೆಬ್ಬೆರಳು ಊದಿ ಅರಿಶಿನದ ಪಟ್ಟು ಬಿತ್ತು. ಮೊದಲ ವಾರ ಪ್ರತಿ ಹಳ್ಳದಲ್ಲೂ ಬಿದ್ದರು. ಎರಡನೇ ವಾರ ಬೀಳುವುದು ಕಡಿಮೆಯಾಯಿತು. ಮೂರನೇ ವಾರ ಅವರು ಕಣ್ಣು ಮುಚ್ಚಿದರು.

ಆ ಮೇಲೆ ಅವರು ಹಿಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಗಡಿಗೆ ಒಡೆದ ಸದ್ದು ಚೂರು ಹಿಂದೆ ಬಿದ್ದದ್ದು, ಹಾರೋ ಮೀನಿನ ನಾಲ್ಕನೇ ಸ್ಟೇಜಿನಲ್ಲಿ ನೀರಿನ ಸದ್ದೇ ಮಾಯವಾಗಿದ್ದು, ಗುಂಡಿಗೂ ನೆಗೆತಕ್ಕೂ ನಡುವಿನ ಸಣ್ಣ ಸೋಮಾರಿತನ. ಪರದೇಶದ ಕಂಪನಿ ಒಂದೊಂದನ್ನೇ ತಿದ್ದಿತು. ಹೀಗೆ ಹನ್ನೊಂದು ಆಟ ಪಾಸಾದವು. ಕೊನೆಗೆ ಉಳಿದದ್ದು ಕೊಡೆ ಕೋತಿ. ಅದನ್ನು ಆ ಕಂಪನಿ, ಚಿತ್ರ ಇನ್ನಷ್ಟು ಚೆನ್ನಾಗಿರಲೆಂದು, ಹೊಸದಾಗಿ ತಯಾರಿಸಿ ಜನವರಿಯಲ್ಲಿ ಮತ್ತೆ ಕಳಿಸಿತ್ತು. ಎರಡು ದಿನದಲ್ಲಿ ಒಪ್ಪಿಗೆ ಬರೆಯಬೇಕಿತ್ತು.

ಅವತ್ತಿನ ಬೆಳಗ್ಗೆಯನ್ನು ಈಶ್ವರಮ್ಮ ಚೆನ್ನಾಗಿ ನೆನಪಿಟ್ಟಿದ್ದಾರೆ. ಆಟ ಶುರುವಾಯಿತು, ಸಂಗೀತ ಬಂತು, ಕೋತಿ ಹಾರಿತು. ಕೈಗೆ ಹಾಯೆನಿಸಿತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಒಂದೂ ಹಳ್ಳಕ್ಕೆ ಬೀಳದೆ, ಒಂಚೂರೂ ಹೆಣಗದೆ, ತವರಿಗೆ ಬಂದವರ ಹಾಗೆ ಆಡಿಕೊಂಡು ಹೋದರು.

"ಎಲ್ಡ್ನೇ ಸ್ಟೇಜಿಗೆ ಬಂದಾಗ ಗಾಬ್ರಿ ಆಯ್ತು. ಇಷ್ಟು ಸಲೀಸಾಗಿ ಯಾಕೋಯ್ತಾ ಐತೆ? ಇದು ಅವ್ರ ಕೋತಿ ಅಲ್ಲ, ನಮ್ ಕೋತಿ."

ವೇಣಿ ಆಗಲೇ ಅದಕ್ಕೆ ಸರಿ ಎಂದು ಗುರುತು ಹಾಕಿಯಾಗಿತ್ತು. ಕೊಡೆ ಕೋತಿಯ ಪರದೇಶದ ಕ್ಯಾಸೆಟ್ಟು ಎಲ್ಲೂ ಸಿಕ್ಕಿರಲಿಲ್ಲ. ಮೊದಲು ಪರೀಕ್ಷೆಗೆ ಬಂದಿದ್ದ ಪ್ರತಿಯನ್ನು, ಹೊಸದು ಕಳಿಸುವಾಗ ಆ ಕಂಪನಿಯೇ ಹಿಂದಕ್ಕೆ ಪಡೆದಿತ್ತು. ಇದ್ದದ್ದು ಪೀಣ್ಯದಲ್ಲೇ ಜೋಡಿಸಿದ ಹಳೆಯದೊಂದು. ಹೊಸ ಆಟವನ್ನು ಅವಳು ಅದರ ಪಕ್ಕದಲ್ಲಿಟ್ಟು ಅಳೆದಿದ್ದಳು. ಎರಡೂ ನಲವತ್ತೆಂಟು ಸೆಕೆಂಡು, ಕೂದಲೆಳೆಯ ವ್ಯತ್ಯಾಸವಿಲ್ಲ.

"ಅದೇ ಕಣಮ್ಮ ತಪ್ಪು," ಎಂದರು ಈಶ್ವರಮ್ಮ. "ನಮ್ದುಕ್ಕೆ ಸರಿ ಇದ್ರೆ ಅವ್ರದು ನಿಧಾನ ಅಂತಲ್ವಾ? ಅವ್ರಿಗೆ ಯಾರೋ ನಿಧಾನದ ಕ್ಯಾಸೆಟ್ಟು ಕೊಟ್ಟವ್ರೆ."

ವೇಣಿ ಹಣೆ ಚಚ್ಚಿಕೊಂಡಳು. ಮುರಳಿ ಹಿಂದಿನ ಆ ಎರಡು ಸಾಲಿನ ಉತ್ತರವನ್ನು ಫೋನಿನಲ್ಲಿ ಹುಡುಕಿ ಮತ್ತೆ ಓದಿದರು. ಮಾತು ಸರಿ ಎನಿಸಿದರೂ ಕೈಯಲ್ಲಿ ಪುರಾವೆಯಿಲ್ಲ. ವೇಗದ ವಿಷಯದಲ್ಲೇ ಒಮ್ಮೆ ಮುಖಭಂಗವಾಗಿದೆ. ಈಗ ಅದೇ ಪರೀಕ್ಷಕಿ, ಅದೇ ವೇಗ, ದೂರು ಮಾತ್ರ ತಿರುಗುಮುರುಗು. ಆಗ ಜೋರು ಎಂದವರು ಈಗ ನಿಧಾನ ಎನ್ನುತ್ತಿದ್ದಾರೆ ಎಂದು ಪರದೇಶದವರು ನಕ್ಕುಬಿಟ್ಟರೆ ನಲವತ್ತು ಆಟದ ಆಸೆ ಅಲ್ಲಿಗೆ ಮುಗಿಯಿತು, ಈ ಕೋಣೆಯ ಬಾಗಿಲೂ ಮುಚ್ಚಿತು.

"ಈಶ್ವರಮ್ಮೋರೇ, ಗ್ಯಾರಂಟಿನಾ?"

"ಬರೀರಿ ಸಾರ್. ತಪ್ಪಾದ್ರೆ ಈಶ್ವರಮ್ಮ ಅಂತ ನನ್ನೆಸ್ರೇ ಬರೀರಿ. ತಪ್ಪು ಅಂತ ಗೊತ್ತಾಗೂ ಪಾಸು ಮಾಡಕ್ಕೆ ನನ್ ಕೈಯಲ್ಲಾಗಲ್ಲ."

ಮುರಳಿ ಬರೆದರು. ಒಂದು ದಿನ ಉತ್ತರವಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಈಶ್ವರಮ್ಮ ಒಂದು ದೊಡ್ಡ ಡಬ್ಬಿ ತುಂಬ ಅವರೆಕಾಳು ಉಪ್ಪಿಟ್ಟು ಮಾಡಿಕೊಂಡು ಬಂದರು. "ಕೆಲ್ಸ ಓದ್ರೂ ಒಟ್ಟೆ ತುಂಬ ತಿನ್ಕಂಡೋಗೋಣ ಅಂತ," ಎಂದು ಈಗ ನಗುತ್ತಾರೆ. ಅವತ್ತು ನಗಲಿಲ್ಲವಂತೆ, ಉಪ್ಪಿಟ್ಟಿಗೆ ಉಪ್ಪು ಹಾಕುವುದೂ ಮರೆತಿತ್ತಂತೆ. ಆ ಸಪ್ಪೆ ಉಪ್ಪಿಟ್ಟನ್ನು ಏಳೂ ಜನ ತಿನ್ನುತ್ತಿದ್ದಾಗ ಮುರಳಿಯ ಫೋನಿಗೆ ಉತ್ತರ ಬಂತು.

ಈ ಸಲ ಎರಡು ಸಾಲಲ್ಲ, ಒಂದು ಪುಟ. ಹೊಸದಾಗಿ ತಯಾರಿಸುವಾಗ ತಮ್ಮ ಉಗ್ರಾಣದಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಪ್ರತಿಗಳಲ್ಲಿ ಐವತ್ತರ ದೇಶಗಳಿಗೆ ಕಳಿಸುತ್ತಿದ್ದ ಪ್ರತಿಯನ್ನು ಯಾರೋ ಎತ್ತಿಕೊಂಡಿದ್ದರು. ತಮ್ಮಲ್ಲಿ ಯಾರೊಬ್ಬರೂ ಗಮನಿಸಿರಲಿಲ್ಲ. ಬಿಡುಗಡೆಯನ್ನು ತಡೆದು ಸರಿಪಡಿಸುತ್ತಿದ್ದೇವೆ, ಮುಂದಿನ ನಲವತ್ತು ಆಟಗಳ ಕೊನೆಯ ಪರೀಕ್ಷೆ ಇದೇ ಮಹಿಳೆಯ ಕೈಯಲ್ಲೇ ಆಗಲಿ. ಮುರಳಿ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು. ವೇಣಿ ಈಶ್ವರಮ್ಮನನ್ನು ತಬ್ಬಿಕೊಂಡಳು. ಈಶ್ವರಮ್ಮನಿಗೆ ಅಳು ಬಂತು, ಅಳುತ್ತಲೇ ಉಪ್ಪಿನ ಡಬ್ಬಿ ಹುಡುಕಲು ಎದ್ದರು.

ಉತ್ತರ ಬರೆಯುವಾಗ ಈಶ್ವರಮ್ಮ ಒಂದು ಮಾತು ಸೇರಿಸಲು ಹೇಳಿದರು. ನಿಧಾನದ ಕೋತಿಯನ್ನು ಎಸೆಯಬೇಡಿ. "ಅದು ಅವ್ರಿಗೆ ತಪ್ಪೇ ಇರ್ಬೋದು, ಆದ್ರೆ ಇಲ್ಲಿ ಮನೆಮನೇಲೂ ಐಕ್ಳು ಆಡಿದ್ದು ಅದೇ ಅಲ್ವಾ? ಅವ್ರು ದುಡ್ ಕೊಟ್ ತಗಂಡು, ನಮ್ ಕೋತಿ ಎಲ್ಲೋಯ್ತು ಅಂತ ಹುಡುಕಲ್ವಾ? ಒಂದ್ ಮೂಲೇಲಿ ಇರ್ಲಿ ಅಂದೆ." ಪರದೇಶದವರು ಒಪ್ಪಿದರು.

ಯುಗಾದಿ ಕಳೆದು ಹದಿನೈದು ದಿನಕ್ಕೆ ಹನ್ನೆರಡು ಆಟಗಳ ಮರುಬಿಡುಗಡೆಯಾಯಿತು. ಕೊಡೆ ಕೋತಿ ಶುರುವಾಗುವ ಮುಂಚೆ ಈಗ ಎರಡು ವೇಗ ಕೇಳುತ್ತದೆ, ಅರವತ್ತೋ ಐವತ್ತೋ. ಆಡಿದವರಿಗೆ ಆ ಐವತ್ತು ಯಾರಿಂದ ಬಂತೆಂದು ತಿಳಿಯುವುದಿಲ್ಲ. ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಮುರಳಿಯ ಕಂಪನಿಯ ಹೆಸರಷ್ಟೇ ಇದೆ. ಈಶ್ವರಮ್ಮನಿಗೆ ಅದರ ಬಗ್ಗೆ ಕೊರಗಿಲ್ಲ. ಅಂಗಡಿಗೆ ಬಂದ ಮೊದಲ ಪ್ರತಿಯನ್ನು ಮುರಳಿ ತಂದಾಗ, ಪ್ರೆಸ್ ಶುರುವಾಗುವ ಮುಂಚೆ, ಅವರು ಐವತ್ತನ್ನೇ ಆರಿಸಿಕೊಂಡು ಕಣ್ಣು ಮುಚ್ಚಿ ಕೂತರು.

ಮೊದಲ ಹಳ್ಳಕ್ಕೇ ಬಿದ್ದರು. ಇನ್ನೊಮ್ಮೆ ಆಡಿದರು, ಮತ್ತೆ ಬಿದ್ದರು. ನಲವತ್ತು ಆಟಗಳ ಹಾದಿಯಲ್ಲಿ ಕೈ ಅರವತ್ತಕ್ಕೆ ಹೊರಳಿಬಿಟ್ಟಿದೆ. ಕೋತಿ ಹಾರುವ ಹೊತ್ತಿಗೆ ಬೆರಳು ಮುಂದೆ ಹೋಗಿರುತ್ತದೆ. ವೇಣಿ ಬಿದ್ದು ಬಿದ್ದು ನಕ್ಕಳು, ಈಶ್ವರಮ್ಮನೂ ನಕ್ಕರು. ಆಮೇಲೆ ಮುರಳಿಯ ಕಡೆ ತಿರುಗಿ, ಈ ಕಂಪನಿಗೆ ಸೇರಿದ ಮೇಲೆ ಮೊದಲ ಸಲ ತಮಗಾಗಿ ಒಂದನ್ನು ಕೇಳಿದರು.

"ಭಾನುವಾರ ಬೀಗದ ಕೈ ಕೊಟ್ಟಿರಿ ಸಾರ್. ಕೆಲ್ಸಕ್ಕಲ್ಲ. ಸುಮ್ಕೆ ಆಡಕ್ಕೆ."