ಎರಡು ರೆಕ್ಕೆಯ ತೂಕ

ವಿಮಾನಕ್ಕೆ ಇಂಧನ ತುಂಬಿಸುವ ಗಂಡನ ಜೊತೆ ತರಕಾರಿಗೆ ಹೋಗುವುದೆಂದರೆ ಅವಳಿಗೆ ತಲೆ ಚಿಟ್ಟು ಹಿಡಿಯುತ್ತದೆ. ಮಹಾಶಯ ನಡುಬೀದಿಯಲ್ಲೇ ಚೀಲಗಳನ್ನು ಕೆಳಗಿಟ್ಟು, ಆಲೂಗಡ್ಡೆಯನ್ನು ಇದರಿಂದ ಅದಕ್ಕೆ ದಾಟಿಸುತ್ತಾ, "ಎರಡು ರೆಕ್ಕೇಲೂ ತೂಕ ಸಮ ಇರ್ಬೇಕು ಕಣೇ" ಎನ್ನುತ್ತಾನೆ. ಊಟಕ್ಕೆ ಕೂತರೂ ತಟ್ಟೆಯ ನಡುವಿನದು ಮೊದಲು, ಅಂಚಿನದು ಕೊನೆಗೆ. "ವಿಮಾನದ ಹೊಟ್ಟೇಲಿರೋ ಟ್ಯಾಂಕ್ ಮೊದಲು ಖಾಲಿಯಾಗ್ಬೇಕು, ರೆಕ್ಕೇದು ಆಮೇಲೆ. ರೆಕ್ಕೇಲಿ ಭಾರ ಇಲ್ದಿದ್ರೆ ರೆಕ್ಕೆ ಮೇಲಕ್ಕೆ ಬಾಗುತ್ತೆ." "ಊಟ ಮಾಡ್ರೀ, ಹಾರ್ಬೇಡಿ!" ಎಂದು ರೇಗಿ ರೇಗಿ ಅವಳಿಗೆ ಸಾಕಾಗಿದೆ. ಕಳೆದ ವರ್ಷ ಅವಳ ಎಡಗಾಲು ಸೋತಿತು. ಈಗ ಅವನು ಎರಡೂ ಚೀಲವನ್ನು ಒಂದೇ ಕೈಗೆ ತೂಗುಹಾಕಿಕೊಂಡು, ಇನ್ನೊಂದರಲ್ಲಿ ಅವಳನ್ನು ಹಿಡಿದು ನಡೆಯುತ್ತಾನೆ. "ಈಗೆಲ್ಲಿ ಹೋಯ್ತು ನಿಮ್ಮ ಸಮತೂಕ?" ಎಂದು ಅವಳು ಕೆಣಕಿದರೆ, "ಈ ಕಡೆ ನೀನಿದ್ದೀಯಲ್ಲ" ಎನ್ನುತ್ತಾನೆ. "ಎರಡು ಚೀಲಕ್ಕೆ ನಾನು ಸಮಾನಾ?" ಎಂದು ಸಿಡುಕುತ್ತಲೇ ಅವಳು ಆ ಕೈಮೇಲೆ ಇನ್ನಷ್ಟು ಭಾರ ಬಿಡುತ್ತಾಳೆ.